ಎಐ ಕಂಪನಿಯದು, ಯುದ್ಧ ಸೇನೆಯದು: ಹೊಣೆ ಯಾರದು?

ಪ್ರಶ್ನೆ: ಎಐ ಕಂಪನಿಗಳ ಬಳಕೆ ನಿಯಮದಲ್ಲಿ ‘ಆಯುಧಗಳಿಗೆ ಬಳಸಬಾರದು’ ಎಂದಿರುತ್ತದೆ. ಸೇನೆಯೊಂದು ಅದನ್ನು ಮೀರಿದರೆ ಕಂಪನಿ ಏನು ಮಾಡಬಹುದು?
— ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು

ಉತ್ತರ: ಬಳಕೆ ನಿಯಮ ಒಂದು ಕರಾರು, ಕಾನೂನಲ್ಲ. ಬರೆದವರೇ ಅದನ್ನು ತಿದ್ದಬಹುದು, ತಿದ್ದಿಯೂ ಇದ್ದಾರೆ. ಅಮೆರಿಕದ ರಕ್ಷಣಾ ಇಲಾಖೆಯ ‘ಪ್ರಾಜೆಕ್ಟ್ ಮೇವನ್’ಗಾಗಿ ಡ್ರೋನ್ ದೃಶ್ಯಗಳನ್ನು ವಿಶ್ಲೇಷಿಸುವ ಕೆಲಸವನ್ನು ಗೂಗಲ್ ಒಪ್ಪಿಕೊಂಡಿತ್ತು. ಸಾವಿರಾರು ನೌಕರರು ಸಹಿ ಹಾಕಿ ವಿರೋಧಿಸಿದ ಮೇಲೆ, 2018ರಲ್ಲಿ, ಗುತ್ತಿಗೆಯನ್ನು ಮುಂದುವರಿಸುವುದಿಲ್ಲ ಎಂದಿತು. ಆಯುಧಗಳಿಗೆ ಎಐ ಕೊಡುವುದಿಲ್ಲವೆಂದು ಲಿಖಿತವಾಗಿ ಸಾರಿತು. 2025ರ ಫೆಬ್ರುವರಿಯಲ್ಲಿ ಆ ಮಾತನ್ನೇ ತೆಗೆದುಹಾಕಿತು. ಓಪನ್‌ಎಐ ಕೂಡ ಸೇನೆ ಮತ್ತು ಯುದ್ಧದ ಬಳಕೆಗೆ ಹಾಕಿದ್ದ ಸಾರಾಸಗಟು ನಿಷೇಧವನ್ನು 2024ರ ಜನವರಿಯಲ್ಲಿ ಕೈಬಿಟ್ಟಿತು.

ನಿಯಮ ಇದ್ದರೂ ತಡೆಯಲು ಆಗುವುದೇ ಎಂಬುದು ಸರ್ವರ್ ಯಾರ ಕೈಯಲ್ಲಿದೆ ಎನ್ನುವುದರ ಮೇಲೆ ನಿಂತಿದೆ. ಇಸ್ರೇಲ್ ಸೇನೆ ಕಲೆಹಾಕಿದ ಪ್ಯಾಲೆಸ್ಟೀನಿಯರ ಫೋನ್ ಕರೆಗಳ ಭಾರೀ ಸಂಗ್ರಹ ಮೈಕ್ರೋಸಾಫ್ಟ್‌ನ ಕ್ಲೌಡ್‌ನಲ್ಲಿದೆ ಎಂದು ಪತ್ರಿಕಾ ತನಿಖೆ ಬಯಲಿಗೆಳೆದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ ಆ ಕಂಪನಿ ಇಸ್ರೇಲ್ ರಕ್ಷಣಾ ಸಚಿವಾಲಯದ ಒಂದು ಘಟಕಕ್ಕೆ ಕೆಲವು ಕ್ಲೌಡ್ ಮತ್ತು ಎಐ ಸೇವೆಗಳನ್ನು ನಿಲ್ಲಿಸಿತು. ಸೇವೆ ತನ್ನ ಯಂತ್ರಗಳಲ್ಲೇ ನಡೆಯುತ್ತಿದ್ದುದರಿಂದ ನಿಲ್ಲಿಸಲು ಸಾಧ್ಯವಾಯಿತು. ಆದರೆ ಗ್ರಾಹಕರ ದತ್ತಾಂಶವನ್ನು ಅದು ತೆರೆದು ನೋಡುವುದಿಲ್ಲ. ಪರಿಶೀಲಿಸಿದ್ದು ತನ್ನದೇ ಲೆಕ್ಕಪತ್ರ, ಇಮೇಲ್‌ಗಳನ್ನು. ಪತ್ರಕರ್ತರು ಬರೆಯುವ ತನಕ ಕಾಯಬೇಕಾಗಿ ಬಂದ ಈ ವ್ಯವಸ್ಥೆಯನ್ನು ಕಾವಲು ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಮೆಟಾದ ‘ಲಾಮಾ’ದಂತೆ ಡೌನ್‌ಲೋಡ್ ಮಾಡಿಕೊಳ್ಳಬಹುದಾದ ಎಐ ಮಾದರಿಗಳಿಗೆ ಇಷ್ಟು ಕಾವಲೂ ಇಲ್ಲ. ಅದರ ನಿಯಮ ಸೇನಾ ಬಳಕೆಯನ್ನು ನಿಷೇಧಿಸಿತ್ತು. ಆದರೂ ಚೀನಾ ಸೇನೆಯ ಸಂಸ್ಥೆಗಳಿಗೆ ಸೇರಿದ ಸಂಶೋಧಕರು ಅದನ್ನು ಬಳಸಿದ್ದು 2024ರಲ್ಲಿ ಅವರದೇ ಪ್ರಬಂಧಗಳಿಂದ ಹೊರಬಿತ್ತು. ಕೈಬಿಟ್ಟು ಹೋದ ಕಡತವನ್ನು ವಾಪಸ್ ಕರೆಯುವ ಗುಂಡಿ ಯಾರ ಬಳಿಯೂ ಇಲ್ಲ.

ಪ್ರಶ್ನೆ: ಹಾಗಾದರೆ ಇದಕ್ಕೆಂದೇ ಕಾನೂನು ಇಲ್ಲವೇ?
— ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎಐಗೆಂದೇ ಜಗತ್ತು ಒಪ್ಪಿದ ಒಪ್ಪಂದ ಇಲ್ಲ. ಐರೋಪ್ಯ ಒಕ್ಕೂಟದ ಎಐ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು. ಆದರೆ ಅದರ 2ನೇ ವಿಧಿಯೇ ಸೇನೆ, ರಕ್ಷಣೆ, ರಾಷ್ಟ್ರೀಯ ಭದ್ರತೆಗಷ್ಟೇ ಬಳಸುವ ವ್ಯವಸ್ಥೆಗಳನ್ನು ಹೊರಗಿಟ್ಟಿದೆ. ಅಮೆರಿಕದ ರಕ್ಷಣಾ ಇಲಾಖೆಯ 3000.09 ಸಂಖ್ಯೆಯ ಆದೇಶ (2012, ಪರಿಷ್ಕರಣೆ 2023) ಬಲಪ್ರಯೋಗದಲ್ಲಿ ‘ಸೂಕ್ತ ಮಟ್ಟದ’ ಮಾನವ ವಿವೇಚನೆ ಇರಬೇಕೆನ್ನುತ್ತದೆ. ಸ್ವಯಂಚಾಲಿತ ಆಯುಧಗಳನ್ನು, ಅಂದರೆ ಗುರಿಯನ್ನು ತಾವೇ ಆರಿಸಿ ಹೊಡೆಯುವಂಥವನ್ನು, ಅದು ನಿಷೇಧಿಸಿಲ್ಲ.

ಗಟ್ಟಿ ನೆಲ ಇರುವುದು ಹಳೆಯ ಯುದ್ಧ ಕಾನೂನಿನಲ್ಲೇ. ಯೋಧರನ್ನೂ ನಾಗರಿಕರನ್ನೂ ಬೇರ್ಪಡಿಸಬೇಕು, ನಾಗರಿಕರಿಗಾಗುವ ಹಾನಿ ಸೇನಾ ಲಾಭಕ್ಕೆ ಹೋಲಿಸಿದರೆ ಅತಿಯಾಗಬಾರದು, ದಾಳಿಗೆ ಮುನ್ನ ಮುಂಜಾಗ್ರತೆ ವಹಿಸಬೇಕು. ಇವು ರೂಢಿಗತ ಕಾನೂನಾಗಿ ಎಲ್ಲ ದೇಶಗಳಿಗೂ ಅನ್ವಯಿಸುತ್ತವೆ. ಹೊಸ ಆಯುಧವನ್ನು ಕಾನೂನಿನ ಕಣ್ಣಿನಿಂದ ಪರಿಶೀಲಿಸಬೇಕೆನ್ನುವುದು ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ 36ನೇ ವಿಧಿ. ಭಾರತ 1949ರ ಜಿನೀವಾ ಒಪ್ಪಂದಗಳಿಗೆ ಸೇರಿದೆ, ಈ ಪ್ರೋಟೋಕಾಲ್‌ಗೆ ಸೇರಿಲ್ಲ. ಅಮೆರಿಕ ಸಹಿ ಹಾಕಿದೆ, ಅನುಮೋದಿಸಿಲ್ಲ.

ಸ್ವಯಂಚಾಲಿತ ಆಯುಧಗಳ ಬಗ್ಗೆ ವಿಶ್ವಸಂಸ್ಥೆಯ ಮಹಾಸಭೆ 2023ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ನಿರ್ಣಯಕ್ಕೆ 152 ದೇಶಗಳು ಪರ, 4 ವಿರುದ್ಧ. ಆ ನಾಲ್ಕರಲ್ಲಿ ಭಾರತವೂ ಒಂದು. ಜಿನೀವಾದ ಸಾಂಪ್ರದಾಯಿಕ ಆಯುಧ ಒಪ್ಪಂದದ ವೇದಿಕೆಯಲ್ಲೇ ಚರ್ಚೆ ನಡೆಯಲಿ ಎಂಬುದು ನಮ್ಮ ಸರ್ಕಾರದ ವಾದ. ಅಲ್ಲಿ ಸರ್ವಾನುಮತ ಬೇಕು, ಒಂದೇ ದೇಶ ಎಲ್ಲವನ್ನೂ ತಡೆಯಬಲ್ಲದು. ಹಾಗಾಗಿ ಈ ವಾದವನ್ನು ನಾವು ಒಪ್ಪುವುದಿಲ್ಲ.

ಪ್ರಶ್ನೆ: ಕೊನೆಗೆ ಗುಂಡಿ ಒತ್ತುವವನು ಮನುಷ್ಯನೇ ಆಗಿದ್ದರೆ ಸಾಲದೇ?
— ನಿವೃತ್ತ ಸೈನಿಕರು, ಮಡಿಕೇರಿ

ಉತ್ತರ: ಸಾಲದು, ಸರ್. ಲೆಕ್ಕ ಹಾಕಿ ನೋಡೋಣ. ಡ್ರೋನ್‌ಗೆ ಒಂದು ಪಟ್ಟಣದಲ್ಲಿ 2,000 ವಾಹನಗಳು ಕಾಣುತ್ತವೆ, ಅವುಗಳಲ್ಲಿ 20 ಮಾತ್ರ ಸೇನೆಯವು ಎಂದಿಟ್ಟುಕೊಳ್ಳಿ. ಎಐ ಮಾದರಿ ಸೇನಾ ವಾಹನವನ್ನು ನೂರಕ್ಕೆ 95 ಸಲ ಹಿಡಿಯುತ್ತದೆ, ನಾಗರಿಕರ ವಾಹನವನ್ನು ನೂರಕ್ಕೆ 5 ಸಲ ತಪ್ಪಾಗಿ ಸೇನೆಯದೆನ್ನುತ್ತದೆ. ಕೇಳಲು ಒಳ್ಳೆಯ ಮಾದರಿಯೇ. ಸರಿಯಾಗಿ ಸಿಕ್ಕಿದ್ದು 19. ಉಳಿದ 1,980ರಲ್ಲಿ ಶೇ. 5 ಅಂದರೆ 99 ತಪ್ಪು. ಪರದೆಯ ಮೇಲೆ 118 ಕೆಂಪು ಚೌಕಗಳು ಮೂಡುತ್ತವೆ. ಹೆಚ್ಚುಕಡಿಮೆ ಆರರಲ್ಲಿ ಐದು, ತರಕಾರಿ ಗಾಡಿಯೋ ಶಾಲಾ ವ್ಯಾನೋ ಆಗಿರುತ್ತವೆ. ‘ಶೇ. 95 ನಿಖರತೆ’ ಎಂಬ ಮಾರಾಟದ ಮಾತು ಇದನ್ನು ಹೇಳುವುದೇ ಇಲ್ಲ. ಒಂದೊಂದನ್ನೂ 20 ಸೆಕೆಂಡ್ ನೋಡಿದರೂ 118ಕ್ಕೆ 39 ನಿಮಿಷ ಬೇಕು. ಅಷ್ಟು ಸಮಯ ಕೊಡದ ಕಡೆ ಮನುಷ್ಯ ಬರೀ ಠಸ್ಸೆ ಒತ್ತುವವನಾಗುತ್ತಾನೆ.

2003ರ ಮಾರ್ಚ್‌ನಲ್ಲಿ, ಇರಾಕ್ ಯುದ್ಧದ ಹೊತ್ತಿಗೆ, ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ಬ್ರಿಟನ್ನಿನದೇ ಟೊರ್ನಾಡೊ ವಿಮಾನವನ್ನು ಹೊಡೆದುರುಳಿಸಿತು, ಇಬ್ಬರು ಸತ್ತರು. ಯಂತ್ರ ಅದನ್ನು ರೇಡಾರ್ ನಾಶಕ ಕ್ಷಿಪಣಿ ಎಂದು ವರ್ಗೀಕರಿಸಿತ್ತು. ವಿಮಾನದ ‘ನಾನು ನಿಮ್ಮವನು’ ಎನ್ನುವ ಗುರುತಿನ ಸಂಕೇತ ಕೆಲಸ ಮಾಡಿರಲಿಲ್ಲ. ಸಿಬ್ಬಂದಿಗೆ ಸಿಕ್ಕಿದ್ದು ಸುಮಾರು ಒಂದು ನಿಮಿಷ. ಹಾರಿಸಿದ್ದು ಮನುಷ್ಯರೇ.

ಪ್ರಶ್ನೆ: ನಮ್ಮದು ಡ್ರೋನ್ ಚಿತ್ರಗಳಲ್ಲಿ ವಸ್ತು ಗುರುತಿಸುವ ಸಣ್ಣ ಸ್ಟಾರ್ಟ್‌ಅಪ್. ಸೇನೆಯ ಟ್ರಯಲ್‌ಗೆ ಕರೆ ಬಂದಿದೆ. ಮೊದಲು ಏನು ನೋಡಿಕೊಳ್ಳಬೇಕು?
— ಹುಬ್ಬಳ್ಳಿ

ಉತ್ತರ: ಮೊದಲು ಲೈಸೆನ್ಸ್. ಚಿತ್ರದಲ್ಲಿ ವಸ್ತು ಗುರುತಿಸುವ ಅಲ್ಟ್ರಾಲಿಟಿಕ್ಸ್ ಕಂಪನಿಯ ‘ಯೋಲೋ’ ಮಾದರಿ ಬಳಸಿದ್ದರೆ ಅದರದು ಎಜಿಪಿಎಲ್-3.0 ಎಂಬ ಮುಕ್ತ ಲೈಸೆನ್ಸ್, ನಿಮ್ಮ ಸೋರ್ಸ್ ಕೋಡ್ ತೆರೆದಿಡಬೇಕು, ಇಲ್ಲವೇ ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ತರಬೇತಿಗೆ ‘ಎಕ್ಸ್‌ವ್ಯೂ’ ಉಪಗ್ರಹ ಚಿತ್ರಗಳನ್ನು ಬಳಸಿದ್ದೀರಾ? ಅದನ್ನು ಹೊರತಂದದ್ದು ಅಮೆರಿಕದ ರಕ್ಷಣಾ ಸಂಸ್ಥೆಗಳೇ ಆದರೂ ಲೈಸೆನ್ಸ್ ವಾಣಿಜ್ಯೇತರ ಬಳಕೆಗೆ ಮಾತ್ರ. ವಿದೇಶಿ ಗ್ರಾಹಕರಿದ್ದರೆ ಸ್ಕೋಮೆಟ್ ಪಟ್ಟಿ, ಅಂದರೆ ಭಾರತದ ರಫ್ತು ನಿಯಂತ್ರಣ ಪಟ್ಟಿ, ನೋಡಿ. ಪಟ್ಟಿಯಲ್ಲಿರುವ ಸಾಫ್ಟ್‌ವೇರನ್ನು ಇಮೇಲ್‌ನಲ್ಲಿ ಕಳಿಸಿದರೂ ರಫ್ತೇ. 6ನೇ ವರ್ಗಕ್ಕೆ, ಅಂದರೆ ಸೇನಾ ಸಾಮಗ್ರಿಗೆ, ರಕ್ಷಣಾ ಉತ್ಪಾದನಾ ಇಲಾಖೆಯ ಅನುಮತಿ ಬೇಕು.

ಆಮೇಲೆ ಕರಾರು. ‘ಗುರುತಿಸಿ ತೋರಿಸಲು ಮಾತ್ರ, ದಾಳಿಯ ಗುರಿ ನಿಗದಿಗೆ ಅಲ್ಲ’ ಎಂಬಂಥ ಉದ್ದೇಶವನ್ನು ನೇರವಾಗಿ ಬರೆಸಿ. ಉದ್ದೇಶ ಬದಲಾದರೆ ಹೊಸ ಒಪ್ಪಂದ ಎಂದೂ ಸೇರಿಸಿ. ಮರಳುಗಾಡಿನ ಚಿತ್ರಗಳಲ್ಲಿ ಕಲಿತ ಮಾದರಿ ಮಳೆಗಾಲದ ಕಾಡಿನ ಮೇಲೆ ಎಡವುತ್ತದೆ, ಆದ್ದರಿಂದ ಯಾವ ನೆಲ, ಋತು, ಎತ್ತರದಲ್ಲಿ ಪರೀಕ್ಷಿಸಿದ್ದೀರಿ ಎಂಬುದೂ ಬರವಣಿಗೆಯಲ್ಲಿರಲಿ.

ಕೆಲಸ ಕೆಡುವುದು ಹೆಚ್ಚಾಗಿ ಮಿತಿ ಅಂಕದಲ್ಲಿ. ಯಂತ್ರದ ವಿಶ್ವಾಸ 0.6 ದಾಟಿದರೆ ಮಾತ್ರ ಚೌಕ ತೋರಿಸು ಎಂದು ನೀವು ಇಟ್ಟಿರುತ್ತೀರಿ. ‘ಏನೂ ಕಾಣುತ್ತಿಲ್ಲ’ ಎಂದು ಕ್ಷೇತ್ರದಲ್ಲಿ ಯಾರೋ ಅದನ್ನು 0.3ಕ್ಕೆ ಇಳಿಸುತ್ತಾರೆ, ತಪ್ಪು ಚೌಕಗಳು ಒಮ್ಮೆಲೇ ಏರುತ್ತವೆ. ಇಬ್ಬರು ಅಧಿಕಾರಿಗಳ ಒಪ್ಪಿಗೆ ಇಲ್ಲದೆ ಅದು ಬದಲಾಗದಂತೆ ಬೀಗ ಹಾಕಿ. ಚಿತ್ರ, ಮಾದರಿಯ ಆವೃತ್ತಿ, ವಿಶ್ವಾಸದ ಅಂಕ, ಆಗಿದ್ದ ಮಿತಿ, ನೋಡಿದವರ ತೀರ್ಮಾನ, ಸಮಯ, ಈ ಆರನ್ನೂ ಲಾಗ್‌ನಲ್ಲಿ ದಾಖಲಿಸಿ. ಮುಂಚೂಣಿಯಲ್ಲಿ ಇಂಟರ್ನೆಟ್ ಇರುವುದಿಲ್ಲ, ಆದ್ದರಿಂದ ಲಾಗ್ ಉಪಕರಣದಲ್ಲೇ ಉಳಿಯಬೇಕು. ಪ್ರತಿ ನಮೂದಿನಲ್ಲೂ ಹಿಂದಿನದರ ಹ್ಯಾಶ್ (ಅದರಿಂದಲೇ ಲೆಕ್ಕ ಹಾಕಿ ಪಡೆದ ಗುರುತಿನ ಸಂಖ್ಯೆ) ಸೇರಿಸಿದರೆ ಆಮೇಲೆ ಒಂದು ನಮೂದನ್ನು ತಿದ್ದಿದ್ದು ಪರಿಶೀಲಿಸಿದಾಗ ಗೊತ್ತಾಗುತ್ತದೆ. ಇದನ್ನು ಟ್ರಯಲ್‌ಗೆ ಮುಂಚೆಯೇ ಮಾಡಿ, ಆರ್ಡರ್ ಬಂದ ಮೇಲೆ ಸೇರಿಸಲು ಯಾರೂ ಸಮಯ ಕೊಡುವುದಿಲ್ಲ.