ಅಂಕ 95, ಕಥೆ ಅರ್ಧ

‘ಹೇಲೋ 2’ ವಿಡಿಯೊ ಗೇಮಿಗೆ 20 ವರ್ಷ ತುಂಬಿದ ಸಂದರ್ಭದಲ್ಲಿ ನಾವು ಪ್ರಕಟಿಸಿದ್ದ ಲೇಖನವನ್ನು ಓದಿ ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಕೈಬರಹದಲ್ಲಿ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸಿ ಸರಾಸರಿ ಕೊಡುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ ನೂರಕ್ಕೆ 95 ಅಂಕ ಪಡೆದ, ಬಿಡುಗಡೆಯಾದ ಮೊದಲ 24 ಗಂಟೆಗಳಲ್ಲೇ 24 ಲಕ್ಷ ಪ್ರತಿಗಳು ಖರ್ಚಾಗಿ 12.5 ಕೋಟಿ ಡಾಲರ್ ಗಳಿಸಿದ ಗೇಮನ್ನು ‘ಕಥೆಯನ್ನು ನಡುದಾರಿಯಲ್ಲಿ ಕೈಬಿಟ್ಟ ಆಟ’ ಎಂದು ಕರೆಯಲು ನಮಗೆ ಯಾವ ಅಧಿಕಾರವಿದೆ ಎಂಬುದು ಅವರ ಪ್ರಶ್ನೆ. “ಅಂಕ ಸುಳ್ಳು ಹೇಳುವುದಿಲ್ಲ” ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ಪ್ರಿಯ ಮಿತ್ರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೇಳಿದ್ದರಲ್ಲಿ ಸತ್ಯವಿದೆ. 2004ರ ನವೆಂಬರ್ 9ರಂದು ಬಂದ ಆ ಗೇಮು, ಎಲ್ಲೆಲ್ಲೋ ಕುಳಿತ ಅಪರಿಚಿತರನ್ನು ಅವರವರ ಆಟದ ಮಟ್ಟಕ್ಕೆ ತಕ್ಕಂತೆ ಜೋಡಿಸಿ, ಗೆಳೆಯರ ಗುಂಪನ್ನು ಒಂದು ಪಂದ್ಯದಿಂದ ಇನ್ನೊಂದಕ್ಕೆ ಚದುರದಂತೆ ಕರೆದೊಯ್ಯುವ ವ್ಯವಸ್ಥೆಯನ್ನು ಎಕ್ಸ್‌ಬಾಕ್ಸ್ ಎಂಬ ಗೇಮ್ ಯಂತ್ರದ ಆನ್‌ಲೈನ್ ಸೇವೆಯಾದ ಎಕ್ಸ್‌ಬಾಕ್ಸ್ ಲೈವ್‌ನಲ್ಲಿ ಎಷ್ಟು ಚೆನ್ನಾಗಿ ಕಟ್ಟಿತೆಂದರೆ, ಆಮೇಲಿನ ಎಷ್ಟೋ ಶೂಟರ್ ಗೇಮ್‌ಗಳು ಅದೇ ಜಾಡು ಹಿಡಿದವು. ಅದನ್ನು ಮೆಚ್ಚಿದ ವಿಮರ್ಶಕರು ತಪ್ಪು ಮಾಡಲಿಲ್ಲ. ಆದರೆ ನೀವು ಆ ಮೆಚ್ಚುಗೆಯ ಮಾತುಗಳನ್ನು ಬಿಟ್ಟು ಕೊನೆಯಲ್ಲಿದ್ದ ಅಂಕಿಯನ್ನು ಮಾತ್ರ ಎತ್ತಿಕೊಂಡು ಬಂದಿದ್ದೀರಿ. ನನ್ನ ತಕರಾರು ಇರುವುದು ಅಲ್ಲಿಯೇ.

2004ರ ಡಿಸೆಂಬರಿನಲ್ಲಿ ನಾನು ಕ್ಯಾಲಿಫೋರ್ನಿಯಾದಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗನಿಗೆ ಆಗ ಹದಿನಾರು ವರ್ಷ. ಒಂದು ರಾತ್ರಿ ಅವನು ‘ಹೇಲೋ 2’ ಮುಗಿಸುವುದನ್ನು ಪಕ್ಕದಲ್ಲಿ ಕುಳಿತು ನೋಡಿದೆ. ಆ ಕೊನೆಯ ಹಂತದಲ್ಲಿ ಆಟಗಾರ ನಾಯಕ ಮಾಸ್ಟರ್ ಚೀಫ್ ಆಗಿರುವುದಿಲ್ಲ. ಶತ್ರುಪಾಳಯದಿಂದ ಬಂದ ಆರ್ಬಿಟರ್ ಆಗಿರುತ್ತಾನೆ. ಟಾರ್ಟರಸ್ ಎಂಬ ದೈತ್ಯ ಬಿದ್ದ, ಹೇಲೋ ಎಂಬ ಉಂಗುರಾಕಾರದ ಮಹಾಯಂತ್ರ ಚಾಲೂ ಆಗುವುದು ತಪ್ಪಿತು, ಉಳಿದ ಉಂಗುರಗಳನ್ನು ದೂರದಿಂದಲೇ ಚಾಲೂ ಮಾಡಬಲ್ಲ ಇನ್ನೊಂದು ತಾಣವಿದೆ ಎಂದು ತಿಳಿಯಿತು. ದೃಶ್ಯ ಬದಲಾಗಿ ಭೂಮಿ ಕಂಡಿತು. ಶತ್ರುಗಳ ಹಡಗಿನಲ್ಲಿ ನೀನೇನು ಮಾಡುತ್ತಿದ್ದೀಯ ಎಂದು ಭೂಮಿಯ ಕಡೆಯ ಸೇನಾಧಿಕಾರಿ ಲಾರ್ಡ್ ಹುಡ್ ಕೇಳಿದಾಗ, ಈ ಕಾಳಗವನ್ನು ಮುಗಿಸುತ್ತಿದ್ದೇನೆ ಎಂದು ಚೀಫ್ ಉತ್ತರಿಸಿದ. ಹುಡುಗ ಸೋಫಾದ ಅಂಚಿಗೆ ಸರಿದು ಕಂಟ್ರೋಲರನ್ನು ಬಿಗಿಯಾಗಿ ಹಿಡಿದುಕೊಂಡ. ಪರದೆ ಕಪ್ಪಾಗಿ, ಕೆಲಸ ಮಾಡಿದವರ ಹೆಸರುಗಳು ಮೇಲೇರತೊಡಗಿದವು. ಅವನು ಎದ್ದು ಹೋಗಿ ಡಿಸ್ಕನ್ನು ಹೊರತೆಗೆದು, ಬಾಯಿಂದ ಹಬೆ ಊದಿ, ಅಂಗಿಯ ತುದಿಯಿಂದ ಒರೆಸಿ, ಗೀರು ಬಿದ್ದಿದೆಯೇನೋ ಎಂದು ದೀಪಕ್ಕೆ ಹಿಡಿದು ನೋಡಿದ. “ಮಾಮ, ಇಷ್ಟೇನಾ?” ಎಂದು ಕೇಳಿದ. ‘ಹೇಲೋ 2’ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಆ ಎರಡು ಪದಗಳಷ್ಟು ನಿಖರವಾಗಿರಲಿಲ್ಲ.

ನಮ್ಮಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗದಾಯುದ್ಧ ಪ್ರಸಂಗದಲ್ಲಿ ಭೀಮ ವೈಶಂಪಾಯನ ಸರೋವರದ ದಡಕ್ಕೆ ಬಂದು, ನೀರಿನೊಳಗೆ ಅಡಗಿದ ಕೌರವನನ್ನು ಮೂದಲಿಸಿ ಕರೆದ ಕ್ಷಣದಲ್ಲೇ ಭಾಗವತರು ಮಂಗಳ ಹಾಡಿಬಿಟ್ಟರೆ, ಚೆಂಡೆ ಎಷ್ಟೇ ಅಬ್ಬರಿಸಿದ್ದರೂ ಬಣ್ಣದ ವೇಷ ಎಷ್ಟೇ ಮೆರೆದಿದ್ದರೂ ಸಭೆ ಸುಮ್ಮನೆ ಎದ್ದು ಹೋಗುವುದಿಲ್ಲ. ಮೇಳದ ಯಜಮಾನರನ್ನು ತಡೆದು ನಿಲ್ಲಿಸಿ ಕೇಳುತ್ತದೆ. ಹಾಗೆ ಕೇಳಿದವರನ್ನು ಕಲೆ ಗೊತ್ತಿಲ್ಲದವರು ಎಂದು ಯಾರೂ ಜರೆಯುವುದಿಲ್ಲ, ಏಕೆಂದರೆ ಪ್ರಸಂಗದ ಒಳಗೆ ಇಳಿದವನಿಗೆ ಮಾತ್ರ ಅದು ಅರ್ಧಕ್ಕೆ ನಿಂತ ನೋವು ಗೊತ್ತಾಗುತ್ತದೆ.

ಅಂಕ ಸುಳ್ಳು ಹೇಳುವುದಿಲ್ಲ ಎಂದಿರಿ. ಗೇಮ್ ವಿಮರ್ಶೆಯ ಜಾಲತಾಣಗಳಲ್ಲಿ ಐಜಿಎನ್ ಈ ಗೇಮಿಗೆ 10ಕ್ಕೆ 9.8 ಕೊಟ್ಟಿತು, ಗೇಮ್‌ಸ್ಪಾಟ್ 9.4 ಕೊಟ್ಟಿತು. ಆದರೆ ಆ 9.4 ಕೊಟ್ಟ ವಿಮರ್ಶೆಯಲ್ಲೇ ಒಬ್ಬರೇ ಆಡುವ ಭಾಗ ಚಿಕ್ಕದಾಯಿತು, ಕಥೆ ನಿರಾಸೆ ಮಾಡಿತು ಎಂಬ ಮಾತುಗಳು ಸ್ಪಷ್ಟವಾಗಿವೆ. ವಿಮರ್ಶಕ ತನ್ನ ಕೆಲಸ ಮಾಡಿದ್ದ. ಅವನ ಮಾತನ್ನು ನುಂಗಿದ್ದು ಅವನೇ ಬರೆದ ಅಂಕಿ. ಇನ್ನೊಂದು ಸಂಗತಿಯನ್ನು ನೋಡಿ. ಇದೇ ಗೇಮು 2007ರಲ್ಲಿ ಕಂಪ್ಯೂಟರಿನ ವಿಂಡೋಸ್ ವಿಸ್ತಾಗೆ ಬಂದಾಗ ಮೆಟಾಕ್ರಿಟಿಕ್‌ನಲ್ಲಿ ಅದಕ್ಕೆ ಸಿಕ್ಕಿದ್ದು 72. ಅದೇ ಕಥೆ, ಅದೇ ಸಂಗೀತ, ಅದೇ ಅರ್ಧಕ್ಕೆ ನಿಂತ ಕೊನೆ. ಮೂರು ವರ್ಷಗಳಲ್ಲಿ ಚಿತ್ರಗಳು ಹಳೆಯದಾಗಿ ಕಂಡವು, ವಿಸ್ತಾ ಇಲ್ಲದವರಿಗೆ ಆಡಲಾಗದು ಎಂಬ ನಿರ್ಬಂಧ ಸಿಟ್ಟು ತರಿಸಿತು. ಇವೆಲ್ಲ ನ್ಯಾಯವಾದ ಕಾರಣಗಳೇ ಇರಬಹುದು. ಆದರೆ 95ರಲ್ಲಿ ಕಥೆಯ ಪಾಲು ಎಷ್ಟು, 72ರಲ್ಲಿ ಎಷ್ಟು ಎಂದು ನಿಮ್ಮ ಅಂಕಿಯನ್ನೇ ಕೇಳಿ ನೋಡಿ, ಅದು ಬಾಯಿ ಬಿಡುವುದಿಲ್ಲ.

ಕಥೆ ಹಾಗೇಕೆ ತುಂಡಾಯಿತು ಎಂಬುದು ಗುಟ್ಟೇನಲ್ಲ. 2003ರ ಇ3 ಎಂಬ ಗೇಮ್ ಮೇಳದಲ್ಲಿ, ಈ ಗೇಮನ್ನು ಕಟ್ಟಿದ ಬಂಗೀ ತಂಡ ಕೀನ್ಯಾದ ನ್ಯೂ ಮೊಂಬಾಸಾ ನಗರದ ಕಾಳಗವನ್ನು ತೋರಿಸಿ ಜನರ ಉಸಿರು ಬಿಗಿಹಿಡಿಸಿತು. ಆದರೆ ಆ ದೃಶ್ಯವನ್ನು ನಡೆಸಿದ ಗ್ರಾಫಿಕ್ಸ್ ಎಂಜಿನ್ ಇಡೀ ಗೇಮಿನ ಭಾರ ಹೊರಲಾರದೆ ಅದನ್ನು ಬಿಟ್ಟು ಬಹುಪಾಲು ಕೆಲಸವನ್ನು ಹೊಸದಾಗಿ ಮಾಡಬೇಕಾಯಿತು. ಸಮಯ ಸಾಲದೆ ಭೂಮಿಯ ಮೇಲೆ ನಡೆಯಬೇಕಿದ್ದ ಕಥೆಯ ಕೊನೆಯ ಭಾಗವೇ ಹಾರಿಹೋಯಿತು. ಇದನ್ನು ತಂಡದವರೇ ಮುಂದೆ ನೊಂದುಕೊಂಡು ಹೇಳಿದ್ದಾರೆ. ಮಾಡಿದವರೇ ಒಪ್ಪಿಕೊಂಡ ಕೊರತೆಯನ್ನು ಮೆಚ್ಚಿದವರು ಏಕೆ ಮುಚ್ಚಬೇಕು?

ಈ ಅಂಕಿಯ ಪ್ರತಾಪ ಓದುಗರ ತಲೆಯೊಳಗೆ ಮಾತ್ರ ನಡೆಯುವುದಲ್ಲ. ಮೆಟಾಕ್ರಿಟಿಕ್‌ನಲ್ಲಿ ಸಿನಿಮಾಕ್ಕೆ 61 ಬಂದರೆ ಹಸಿರು ಬಣ್ಣ. ಗೇಮಿಗೆ ಹಸಿರು ಸಿಗಬೇಕಾದರೆ 75 ಬೇಕು. ಯಾವ ಪತ್ರಿಕೆಯ ಮಾತಿಗೆ ಎಷ್ಟು ತೂಕ ಎಂಬ ಲೆಕ್ಕವನ್ನು ಅದು ಹೊರಗೆ ಹೇಳುವುದಿಲ್ಲ. 2010ರಲ್ಲಿ ಬಂದ ‘ಫಾಲ್‌ಔಟ್: ನ್ಯೂ ವೇಗಸ್’ ಗೇಮನ್ನು ಕಟ್ಟಿದ ತಂಡಕ್ಕೆ 85 ಬಂದರೆ ಬೋನಸ್ ಎಂಬ ಕರಾರಿತ್ತು, ಬಂದದ್ದು 84 ಎಂದು ಆ ತಂಡದ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗವಾಗಿಯೇ ಹೇಳಿದರು. ಒಂದು ಅಂಕದಿಂದ ದುಡಿದವರ ದುಡ್ಡು ಹೋಯಿತು. ಇದನ್ನು ವಿಮರ್ಶೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಾನು ಉಪಸಂಪಾದಕನಾಗಿದ್ದ ಪತ್ರಿಕೆಯೊಂದರಲ್ಲಿ, ಒಂದು ಗೇಮಿನ ಬಗ್ಗೆ ಮೂರು ರಾತ್ರಿ ಆಡಿ ಬರೆದಿದ್ದ ಲೇಖನವನ್ನು ಪುಟದಲ್ಲಿ ಜಾಗವಿಲ್ಲವೆಂದು ನಾಲ್ಕು ಸಾಲಿಗೆ ಇಳಿಸಿ, ಕೆಳಗೆ ಮೂರೂವರೆ ನಕ್ಷತ್ರ ಅಂಟಿಸಿದರು. ಆ ನಕ್ಷತ್ರಗಳನ್ನು ಕೊಟ್ಟವನು ನಾನಾಗಿರಲಿಲ್ಲ. ಈ ಪತ್ರಿಕೆಯನ್ನು ಆರಂಭಿಸಿದ ದಿನವೇ ಇಲ್ಲಿ ಅಂಕವೂ ನಕ್ಷತ್ರವೂ ಇರಕೂಡದೆಂದು ತೀರ್ಮಾನಿಸಿದ್ದಕ್ಕೆ ಅದೇ ಕಾರಣ. ಎಸ್ಸೆಸ್ಸೆಲ್ಸಿಯಿಂದ ಸಿಇಟಿವರೆಗೆ ನಮ್ಮ ಮಕ್ಕಳು ಅಂಕದ ತಕ್ಕಡಿಯಲ್ಲೇ ಬೆಳೆಯುತ್ತಾರೆ. ಆಟವಾಡಿ ಮೈಮರೆತ ರಾತ್ರಿಯನ್ನಾದರೂ ಆ ತಕ್ಕಡಿಯಿಂದ ಇಳಿಸಬೇಡವೇ? ಕರ್ನಾಟಕದ ಊರೂರಿನಲ್ಲಿ ಗೇಮ್ ಆಡುವವರಿದ್ದಾರೆ, ಅವರು ತಮ್ಮತಮ್ಮಲ್ಲಿ ಗಂಟೆಗಟ್ಟಲೆ ಕನ್ನಡದಲ್ಲೇ ಚರ್ಚಿಸುತ್ತಾರೆ. ಬರೆಯಲು ಕುಳಿತರೆ ಮಾತ್ರ ಹೊರಗಿನ ಅಂಕಿಯೊಂದನ್ನು ತಂದಿಟ್ಟು ಸುಮ್ಮನಾಗುತ್ತಾರೆ.

ಅಂಕಿಗೆ ಇನ್ನೂ ಒಂದು ದೋಷವಿದೆ, ಅದು ಬರೆದ ದಿನವೇ ಕಲ್ಲಾಗಿಬಿಡುತ್ತದೆ. 2004ರಲ್ಲಿ ಎಷ್ಟೋ ಆಟಗಾರರು ಆರ್ಬಿಟರ್‌ನ ಮೇಲೆ ಕೋಪಗೊಂಡಿದ್ದರು. ಭೂಮಿಯನ್ನು ಕಾಯಬೇಕಾದ ಹೊತ್ತಿನಲ್ಲಿ ಶತ್ರುವಿನ ಮೈಯೊಳಗೆ ನಮ್ಮನ್ನೇಕೆ ಹೊಗಿಸಿದಿರಿ ಎಂದು ಕೇಳಿದ್ದರು. ಇಂದು ಅವರಲ್ಲೇ ಹಲವರು, ತಪ್ಪಿತಸ್ಥನೆಂದು ಮೈಮೇಲೆ ಮುದ್ರೆ ಹಾಕಿಸಿಕೊಂಡು ತನ್ನ ಧರ್ಮವೇ ಸುಳ್ಳೆಂದು ಹಂತಹಂತವಾಗಿ ಅರಿಯುವ ಆ ಯೋಧನ ಕಥೆಯೇ ಗೇಮಿನ ತಿರುಳು ಎನ್ನುತ್ತಾರೆ. ನಾನೂ ಹಾಗೆಯೇ ಹೇಳುತ್ತೇನೆ. 95 ಮಾತ್ರ ಅಂದಿನಂತೆಯೇ 95. ಹಳೆಯ ಎಕ್ಸ್‌ಬಾಕ್ಸ್‌ನ ಆನ್‌ಲೈನ್ ಸೇವೆಯನ್ನು 2010ರ ಏಪ್ರಿಲಿನಲ್ಲಿ ನಿಲ್ಲಿಸಿದಾಗ, ಆಗಲೇ ಒಳಗಿದ್ದ ಕೆಲವರು ಯಂತ್ರವನ್ನು ಆರಿಸದೆ, ಸಂಪರ್ಕ ತಪ್ಪಿದರೆ ಮತ್ತೆ ಒಳಗೆ ಬರಲಾಗದೆಂದು ತಿಳಿದೂ, ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತ ಮೇ ತಿಂಗಳವರೆಗೆ ‘ಹೇಲೋ 2’ ಆಡಿದರು. ಅವರ ಆ ಪ್ರೀತಿಯನ್ನು ಯಾವ ಅಂಕದಲ್ಲಿ ಬರೆಯುತ್ತೀರಿ?

ನೀವು ಈ ಗೇಮನ್ನು ಎರಡು ವರ್ಷದ ಹಿಂದೆ ಕಂಪ್ಯೂಟರಿನಲ್ಲಿ, ಸರಣಿಯ ಹಲವು ಭಾಗಗಳು ಒಟ್ಟಿಗಿರುವ ಸಂಗ್ರಹದಲ್ಲಿ ಆಡಿದೆ ಎಂದು ಬರೆದಿದ್ದೀರಿ. ಪರದೆ ಕಪ್ಪಾದಾಗ ನೀವು ಹಿಂದಕ್ಕೆ ಬಂದು ‘ಹೇಲೋ 3’ ಮೇಲೆ ಒಂದು ಕ್ಲಿಕ್ ಮಾಡಿದಿರಿ. ನನ್ನ ಅಕ್ಕನ ಮಗ ಆ ಕ್ಲಿಕ್ಕಿಗಾಗಿ 2007ರ ಸೆಪ್ಟೆಂಬರ್ 25ರವರೆಗೆ, ಹತ್ತಿರ ಹತ್ತಿರ ಮೂರು ವರ್ಷ ಕಾದ. ಅವನ ನಿರಾಸೆ ನಿಮಗೆ ಅತಿಯೆನಿಸಿದರೆ ಅದು ನಿಮ್ಮ ತಪ್ಪಲ್ಲ. ಆದರೆ ಅವನದು ವಿಮರ್ಶೆಯೇ ಅಲ್ಲ ಎನ್ನುವ ಹಕ್ಕು ನಿಮಗೂ ಇಲ್ಲ, 95ಕ್ಕೂ ಇಲ್ಲ.

ನಿಮ್ಮ ಪತ್ರದ ನಾಲ್ಕನೆಯ ಪುಟದ ಅಂಚಿನಲ್ಲಿ, ಆಮೇಲೆ ನೆನಪಾಗಿ ಸೇರಿಸಿದಂತೆ, ಮೂರು ಸಾಲುಗಳಿವೆ. ಆರ್ಬಿಟರ್‌ಗೆ ಮುದ್ರೆ ಒತ್ತುವ ದೃಶ್ಯದಲ್ಲಿ ಹೆಡ್‌ಫೋನ್ ತೆಗೆದಿಟ್ಟು, ಹಾಸ್ಟೆಲಿನ ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ಓಡಾಡಿ ಬಂದೆ ಎಂದಿದ್ದೀರಿ. ಆ ಮೂರು ಸಾಲಿನಿಂದ ಶುರುಮಾಡಿ ಒಂದು ಲೇಖನ ಬರೆದು ಕಳುಹಿಸಿ. ಎಷ್ಟು ಪುಟವಾದರೂ ಆಗಲಿ, ಒಂದು ಸಾಲನ್ನೂ ಕತ್ತರಿಸದೆ ಪ್ರಕಟಿಸುತ್ತೇನೆ.

— ಸಂಪಾದಕ