ಜಾರದ ಬಾಗಿಲಿಗೆ ಎಣ್ಣೆ ಮದ್ದಲ್ಲ

ಪ್ರಶ್ನೆ: ನಮ್ಮ ಫ್ಲ್ಯಾಟಿನ ಬಾಲ್ಕನಿಗೆ ಹಳೆಯ ಅಲ್ಯುಮಿನಿಯಂ ಸ್ಲೈಡಿಂಗ್ ಬಾಗಿಲಿದೆ. ಎರಡು ಕದ, ಒಂದೊಂದೂ ಮೂರೂವರೆ ಅಡಿ ಅಗಲ, ಏಳು ಅಡಿ ಎತ್ತರ. ಎಳೆದರೆ ಕರಕರ ಸದ್ದು. ತೆಂಗಿನೆಣ್ಣೆ ಬಿಟ್ಟರೆ ಎರಡು ದಿನ ಸರಿ, ಆಮೇಲೆ ಮತ್ತದೇ ಕಥೆ. ಈಗ ಲಾಕೂ ಬೀಳುತ್ತಿಲ್ಲ. ಬಾಗಿಲನ್ನೇ ಬದಲಿಸಬೇಕೇ?
– ಓದುಗರು, ಬೆಂಗಳೂರು

ಉತ್ತರ: ಫ್ರೇಮು ನೆಟ್ಟಗಿದ್ದರೆ ಬಾಗಿಲು ಬದಲಿಸುವ ಅಗತ್ಯವಿಲ್ಲ. ಸವೆದಿರುವುದು ಕದದ ತಳದಲ್ಲಿರುವ ಚಕ್ರಗಳು, ಅಂಗಡಿಯವರು ರೋಲರ್ ಅನ್ನುವುದು. ತೆಂಗಿನೆಣ್ಣೆಯನ್ನು ಇವತ್ತೇ ನಿಲ್ಲಿಸಿ. ಅದಕ್ಕೆ ದೂಳು, ಕೂದಲು ಅಂಟಿ ಗಟ್ಟಿಯಾಗುತ್ತದೆ, ಚಕ್ರ ತಿರುಗದೆ ಟ್ರ್ಯಾಕಿನ ಮೇಲೆ ಉಜ್ಜಿಕೊಂಡು ಹೋಗುತ್ತದೆ.

ಐದು ಮಿ.ಮೀ. ಗಾಜು ಚದರ ಮೀಟರಿಗೆ ಹನ್ನೆರಡೂವರೆ ಕೆ.ಜಿ. ತೂಗುತ್ತದೆ. ನಿಮ್ಮ ಅಳತೆಯ ಕದ ಫ್ರೇಮು ಸೇರಿ 30 ಕೆ.ಜಿ. ದಾಟುತ್ತದೆ, ಹಾಗಾಗಿ ಬಿಚ್ಚಲು ಇಬ್ಬರು ಬೇಕು. ಮೊದಲು ಕೋಣೆಯ ಕಡೆಯ ಕದ. ಮೇಲಿನ ಚಾನೆಲ್ಲಿನಲ್ಲಿ ಕದ ಏಳದಂತೆ ತಡೆಯುವ ಬ್ಲಾಕ್ ಇದ್ದರೆ ಅದರ ಸ್ಕ್ರೂ ಬಿಚ್ಚಿ. ಕದವನ್ನು ಅರ್ಧ ತೆರೆದ ಜಾಗಕ್ಕೆ ತಂದು ಪೂರ್ತಿ ಮೇಲಕ್ಕೆತ್ತಿ, ತಳವನ್ನು ನಿಮ್ಮತ್ತ ಎಳೆದುಕೊಳ್ಳಿ. ಏಳದಿದ್ದರೆ ಜೋರು ಮಾಡಬೇಡಿ. ಕದದ ಅಂಚಿನ ಬುಡದಲ್ಲಿ ಸಣ್ಣ ತೂತಿರುತ್ತದೆ, ಒಮ್ಮೊಮ್ಮೆ ಪ್ಲಾಸ್ಟಿಕ್ ಮುಚ್ಚಳದಡಿ. ಒಳಗಿನ ಸ್ಕ್ರೂವನ್ನು ಕದ ಕೆಳಗಿಳಿಯುವ ದಿಕ್ಕಿಗೆ ತಿರುಗಿಸಿದರೆ ಚಕ್ರ ಒಳಸರಿದು ಜಾಗ ಸಿಗುತ್ತದೆ. ಬಿಚ್ಚಿದ ಕದವನ್ನು ಬರೀ ಟೈಲ್ಸ್ ಮೇಲೆ ಊರದೆ ಕಂಬಳಿ ಹಾಸಿ ಇಡಿ. ಟಫನ್ಡ್ ಗಾಜಿನ ಮೂಲೆಗೆ ಏಟು ಬಿದ್ದರೆ ಇಡೀ ಗಾಜು ಪುಡಿಯಾಗುತ್ತದೆ.

ಹಳೆಯ ರೋಲರನ್ನು ಕೈಯಲ್ಲೇ ಹಿಡಿದು ಅಲ್ಯುಮಿನಿಯಂ ಫ್ಯಾಬ್ರಿಕೇಷನ್ ಸಾಮಾನಿನ ಅಂಗಡಿಗೆ ಹೋಗಿ. ಬಾಯಿಮಾತಿನ ಅಳತೆಗೆ ತಂದದ್ದು ಬಹುಪಾಲು ಕೂರುವುದಿಲ್ಲ. ಚಕ್ರದ ವ್ಯಾಸ, ಅದರ ಅಂಚಿನ ತೋಡಿನ ಆಕಾರ, ಚಕ್ರ ಕೂರುವ ಗೂಡಿನ ಅಗಲ, ಸ್ಕ್ರೂ ತೂತಿನ ಜಾಗ, ನಾಲ್ಕೂ ಹೊಂದಬೇಕು. ಕದಕ್ಕೆ ಎರಡರಂತೆ ನಾಲ್ಕನ್ನೂ ಒಟ್ಟಿಗೆ ಹಾಕಿ. ಹೊಸದೊಂದು ಹಳೆಯದೊಂದು ಸೇರಿದರೆ ಕದ ಓರೆಯಾಗುತ್ತದೆ. ಇಷ್ಟು ಭಾರಕ್ಕೆ ಬೇರಿಂಗ್ ಇರುವ ಚಕ್ರವೇ ಬೇಕು.

ಹೊಸ ಚಕ್ರ ಹಾಕುವ ಮೊದಲು ಟ್ರ್ಯಾಕಿನ ಹಳಿಯ ಮೇಲೆ ಉಗುರು ಓಡಿಸಿ ನೋಡಿ. ತಗ್ಗು, ಚಪ್ಪಟೆ ಸಿಕ್ಕಿದರೆ ಹೊಸ ಚಕ್ರವೂ ಬೇಗ ಹಾಳಾಗುತ್ತದೆ. ಅದಕ್ಕೆ ಹಳಿಯ ಮೇಲೆ ಟೋಪಿಯಂತೆ ಕೂರುವ ತೆಳು ಸ್ಟೇನ್‌ಲೆಸ್ ಪಟ್ಟಿ ಸಿಗುತ್ತದೆ. ಪಟ್ಟಿ ಕೂರಿಸಿದರೆ ಕದ ಅಷ್ಟು ಮೇಲೇರುತ್ತದೆಂಬುದು ನೆನಪಿರಲಿ.

ಲಾಕಿನ ವಿಷಯ: ಅದನ್ನು ಕೊನೆಗೆ ನೋಡಿ. ಚಕ್ರ ಸವೆದು ಕದ ಕುಸಿದಿದ್ದರಿಂದ ಕೊಕ್ಕೆ ತನ್ನ ಕಿಂಡಿಗಿಂತ ಕೆಳಗಿಳಿದಿದೆ, ಅಷ್ಟೇ ಇರಬಹುದು. ಕದ ಮುಚ್ಚಿದಾಗ ಅದರ ಅಂಚು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಫ್ರೇಮಿಗೆ ತಾಗುವಂತೆ ಬುಡದ ತೂತುಗಳೊಳಗಿನ ಎರಡೂ ಸ್ಕ್ರೂಗಳನ್ನು ಅರ್ಧರ್ಧ ಸುತ್ತು ತಿರುಗಿಸುತ್ತಾ ಹೊಂದಿಸಿ. ಆಮೇಲೂ ಬೀಳದಿದ್ದರೆ ಮಾತ್ರ ಲಾಕಿಗೆ ದುಡ್ಡು ಹಾಕಿ. ಬಿಚ್ಚಿದ್ದ ಬ್ಲಾಕನ್ನು ಮರಳಿ ಹಾಕಲು ಮರೆಯಬೇಡಿ. ಅದಿಲ್ಲದಿದ್ದರೆ ಹೊರಗಿನಿಂದ ಕದವನ್ನೇ ಎತ್ತಿ ತೆಗೆಯಬಹುದು.

ಪ್ರಶ್ನೆ: ಮಳೆಗಾಲದಲ್ಲಿ ಸ್ಲೈಡಿಂಗ್ ಬಾಗಿಲಿನ ಟ್ರ್ಯಾಕ್ ತುಂಬಿ ನೀರು ಹಾಲ್‌ಗೆ ಹರಿಯುತ್ತದೆ. ಹೊಸ ಸ್ಕ್ರೂಗಳೂ ತುಕ್ಕು ಹಿಡಿದಿವೆ. ಸಿಲಿಕಾನ್ ಹಚ್ಚಬಹುದೇ?
– ಓದುಗರು, ಮಂಗಳೂರು

ಉತ್ತರ: ಟ್ರ್ಯಾಕಿನ ಹೊರಗೋಡೆಯಲ್ಲಿ ನೀರು ಹೋಗುವ ತೂತುಗಳಿರುತ್ತವೆ. ಅವು ಮಣ್ಣಿನಿಂದ ಕಟ್ಟಿರಬೇಕು, ತಂತಿ ಆಡಿಸಿ ಬಿಡಿಸಿ. ಅಲ್ಲಿಗೆ ಸಿಲಿಕಾನ್ ಹಚ್ಚಿದರೆ ನೀರಿಗೆ ನಿಮ್ಮ ಹಾಲ್ ಬಿಟ್ಟು ಬೇರೆ ದಾರಿಯಿರುವುದಿಲ್ಲ. ಕದದಂಚಿನ ಬ್ರಷ್ ಪಟ್ಟಿ ಸವೆದಿದ್ದರೆ ಎರಡಿಂಚು ತುಂಡು ತೆಗೆದು ತೋರಿಸಿ, ಅದೇ ಅಗಲ, ಅದೇ ಎತ್ತರದ್ದನ್ನು ತನ್ನಿ. ಕಡಲ ಉಪ್ಪುಗಾಳಿಗೆ ಸಾದಾ ಕಬ್ಬಿಣದ ಸ್ಕ್ರೂ ತಡೆಯುವುದಿಲ್ಲ; 316 ದರ್ಜೆಯ ಸ್ಟೇನ್‌ಲೆಸ್ ಕೇಳಿ, 304 ಎರಡನೆಯ ಆಯ್ಕೆ. ಹಳೆಯದು ತಿರುಗದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಲು ಗಂಟೆ ಕಾಯಿರಿ. ಸ್ಕ್ರೂ ತಲೆಯ ಸೀಳಿಗೆ ಸರಿಹೊಂದದ ಸ್ಕ್ರೂಡ್ರೈವರ್ ಬಳಸಿದರೆ ತಲೆ ಸವೆದು, ಕೊನೆಗೆ ಡ್ರಿಲ್ ಹಿಡಿಯಬೇಕಾದೀತು.