ಡಿಸ್ಕ್ ಹೊರಬಂದರೆ ಆಪರೇಶನ್ ಆಗಲೇಬೇಕಾ?

ಪ್ರಶ್ನೆ: ನನಗೆ 41 ವರ್ಷ. ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಕೆಲಸ. ಕಳೆದ ತಿಂಗಳು ಬುಟ್ಟಿ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಈಗ ನೋವು ಎಡಗಾಲಿನ ಹಿಂಬದಿಯಿಂದ ಕಿರುಬೆರಳಿನವರೆಗೆ ಇಳಿಯುತ್ತದೆ. ಕೆಮ್ಮಿದರೆ ಜಾಸ್ತಿ. ಎಂಆರ್‌ಐಯಲ್ಲಿ ಎಲ್5-ಎಸ್1 (ಸೊಂಟದ ಕೆಳತುದಿಯ) ಡಿಸ್ಕ್ ಹೊರಬಂದಿದೆ ಎಂದಿದೆ. ಆಪರೇಶನ್ ಮಾಡಿಸದಿದ್ದರೆ ಕಾಲೇ ಹೋಗುತ್ತದೆ ಅಂತ ನೆರೆಯವರು ಹೇಳುತ್ತಾರೆ. ಇನ್ನೊಬ್ಬರು ನರ ಎಳೆಸಿ ಅನ್ನುತ್ತಾರೆ. ಏನು ಮಾಡಲಿ?
— ಓದುಗರು, ಮಲ್ಪೆ

ಉತ್ತರ: ಅಕ್ಕಾ, ಹೆದರಬೇಡಿ. ಬೆನ್ನಿನ ಎರಡು ಮೂಳೆಗಳ ನಡುವಿನ ಡಿಸ್ಕ್‌ಗೆ ಹೊರಗೆ ಗಟ್ಟಿ ಪದರ, ಒಳಗೆ ಮೆತ್ತನೆಯ ತಿರುಳು. ಪದರ ಹರಿದರೆ, ಹೋಳಿಗೆ ಒಡೆದು ಹೂರಣ ಬಂದ ಹಾಗೆ, ತಿರುಳು ಹೊರಬರುತ್ತದೆ. ಅದು ಪಕ್ಕದ ನರಕ್ಕೆ ತಾಗಿದಾಗ ನರ ಊದಿಕೊಳ್ಳುತ್ತದೆ. ಆ ನರ ಇಳಿಯುವುದು ಕಾಲಿಗೆ. ಸೊಂಟದ ತೊಂದರೆಗೆ ಕಾಲು ನೋಯುವುದು ಅದಕ್ಕೇ.

ಹೊರಬಂದ ತಿರುಳನ್ನು ದೇಹವೇ ನಿಧಾನಕ್ಕೆ ಕರಗಿಸುತ್ತಾ ಬರುತ್ತದೆ. ಹೆಚ್ಚಿನವರಿಗೆ 6ರಿಂದ 12 ವಾರದೊಳಗೆ ಆಪರೇಶನ್ ಇಲ್ಲದೆಯೇ ನೋವು ಇಳಿಯುತ್ತದೆ. ಎಳೆಸಿ, ತುಳಿಸಿ ಅದನ್ನು ಒಳಗೆ ತಳ್ಳಲು ಆಗುವುದಿಲ್ಲ. ಊದಿದ ನರವನ್ನು ದಯವಿಟ್ಟು ಯಾರ ಕೈಗೂ ಕೊಡಬೇಡಿ.

ಎಂಆರ್‌ಐ ಕಾಗದ ನೋಡಿ ಮಾತ್ರ ತೀರ್ಮಾನ ಮಾಡಬಾರದು. ನೋವೇ ಇಲ್ಲದವರಲ್ಲೂ ಡಿಸ್ಕ್ ಉಬ್ಬಿರುವುದು ಅದರಲ್ಲಿ ಕಾಣುತ್ತದೆ. ನನಗೆ ಮುಖ್ಯ ನಿಮ್ಮ ಕಾಲಿನ ಬಲ. ಗೋಡೆ ಹಿಡಿದು, ಎಡಗಾಲೊಂದರಲ್ಲೇ ಹಿಮ್ಮಡಿ ಎತ್ತಿ ನಿಲ್ಲಲು ಆಗುತ್ತದಾ ನೋಡಿ. ಆಗದಿದ್ದರೆ ಈ ವಾರವೇ ಮೂಳೆ ಡಾಕ್ಟರಿಗೆ ತೋರಿಸಿ. ಬಲ ಕಡಿಮೆಯಾಗುತ್ತಾ ಹೋದರೆ ಅಥವಾ ವಾರಗಟ್ಟಲೆ ಕಾದರೂ ನೋವು ತಡೆಯಲಾಗದಿದ್ದರೆ ಆಗ ಆಪರೇಶನ್ ಮಾತು. ಆಗಲೂ ಸಣ್ಣ ಗಾಯ ಮಾಡಿ, ನರ ಒತ್ತುವ ತುಂಡನ್ನಷ್ಟೇ ತೆಗೆಯುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಲೇಬೇಡಿ. ಮೂತ್ರ ಕಟ್ಟಿದರೆ, ಗೊತ್ತಿಲ್ಲದೆಯೇ ಮೂತ್ರ ಹೋದರೆ, ತೊಡೆಗಳ ನಡುವೆ ಮರಗಟ್ಟಿದರೆ, ಎರಡೂ ಕಾಲು ಸೋತರೆ, ಮಧ್ಯರಾತ್ರಿಯಾದರೂ ಮಣಿಪಾಲಕ್ಕೋ ಮಂಗಳೂರಿಗೋ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬೆಳಗಿನ ಬಸ್ಸಿಗೆ ಕಾಯಬೇಡಿ.

ಅಂಥದ್ದೇನೂ ಇಲ್ಲ ಅಲ್ವಾ? ಹಾಗಾದರೆ ಸುಮ್ನೆ ಮಲಗಿರಬೇಡಿ. ನೋವು ಬಿಟ್ಟಷ್ಟು ಅಂಗಳದಲ್ಲಿ ನಡೆಯಿರಿ, ದಿನಾ ಸ್ವಲ್ಪ ಜಾಸ್ತಿ ಮಾಡಿ. ನೋವಿನ ಮಾತ್ರೆ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ವ್ಯಾಯಾಮ ಫಿಸಿಯೋಥೆರಪಿಯವರಿಂದ ಕಲಿಯಿರಿ. ಬುಟ್ಟಿ ಸದ್ಯಕ್ಕೆ ಬೇಡ. ಮತ್ತೆ ಕೆಲಸಕ್ಕೆ ಹೋದಾಗ ಅರ್ಧವೇ ತುಂಬಿಸಿ, ಎತ್ತಿಕೊಡಲು ಇನ್ನೊಬ್ಬರನ್ನು ಕರೆಯಿರಿ, ಧಣಿ ಗೊಣಗಿದರೂ ಸರಿ.